ರಸಾಯನಶಾಲೆಯ ಪಾತ್ರೆಪಡಗ

ಹೊಸದಾಗಿ ಸಂಸಾರ ಹೂಡಿದವರು ಪಾತ್ರೆಪಡಗಗಳನ್ನು ಕೊಳ್ಳುವ ರೀತಿಗೂ, ಒಂದು ಕಾಲೇಜು ತನ್ನ ರಸಾಯನಶಾಲೆಗೆ ಉಪಕರಣಗಳನ್ನು ಕೊಳ್ಳುವ ರೀತಿಗೂ ಬಹಳ ಅಂತರವಿಲ್ಲ. ಎರಡು ಕಡೆಯಲ್ಲಿಯೂ ಕೈಯಲ್ಲಿರುವ ಹಣ ಸಾಲದು. ಎರಡು ಕಡೆಯಲ್ಲಿಯೂ ಹಿತೈಷಿಗಳ ಉಪದೇಶಕ್ಕೆ ಕೊರತೆಯಿಲ್ಲ. ಎರಡು ಕಡೆಯಲ್ಲಿಯೂ ನಿತ್ಯ ಬೇಕಾದ ಸೌಟು ಮರೆತುಹೋಗಿ, ವರ್ಷಕ್ಕೊಮ್ಮೆ ಬೇಕಾಗುವ ಬೆಳ್ಳಿಯ ಪನ್ನೀರುದಾನಿ ಮೊದಲು ಮನೆಗೆ ಬರುವುದುಂಟು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಮಕ್ಕಳಿಗೆ ರಸಾಯನಶಾಸ್ತ್ರವನ್ನು ಹೇಳಿಕೊಡುವುದರಲ್ಲಿ ಮೂವತ್ತು ವರ್ಷಗಳನ್ನು ಕಳೆದು ಈಗ ಮನೆಯಲ್ಲಿ ಕುಳಿತಿರುವ ನಾನು, ಈ ವಿಷಯವಾಗಿ ಕಂಡುದನ್ನೂ ಕೇಳಿದುದನ್ನೂ ವಾಚಕರ ಮುಂದಿಡಬೇಕೆಂದಿದ್ದೇನೆ. ಮಕ್ಕಳನ್ನು ಕಾಲೇಜಿಗೆ ಕಳುಹಿಸುವ ಗೃಹಸ್ಥರು ಶುಲ್ಕದ ಲೆಕ್ಕವನ್ನು ಕೇಳುತ್ತಾರೆ. ಪರೀಕ್ಷೆಯಲ್ಲಿ ಬಂದ ಅಂಕಗಳನ್ನು ಕೇಳುತ್ತಾರೆ. ಪ್ರಯೋಗಶಾಲೆಯಲ್ಲಿ ಏನಿದೆ, ಏನಿಲ್ಲ, ಇರುವುದನ್ನು ತಮ್ಮ ಮಗನಾಗಲಿ ಮಗಳಾಗಲಿ ಕೈಯಿಂದ ಮುಟ್ಟಿದ್ದುಂಟೇ ಎಂದು ಕೇಳಿದವರನ್ನು ನಾನು ಹೆಚ್ಚಾಗಿ ಕಂಡವನಲ್ಲ.

ರಸಾಯನಶಾಸ್ತ್ರಕ್ಕೆ ಬೇಕಾದ ಮೊದಲನೆಯ ಪಾತ್ರೆ ತಕ್ಕಡಿ. ಅಕ್ಕಸಾಲಿಗನು ಗುಲಗಂಜಿಯನ್ನಿಟ್ಟು ಚಿನ್ನ ತೂಗುತ್ತಿದ್ದುದನ್ನು ಹಿರಿಯರು ಬಲ್ಲರು. ಒಂದು ಗುಲಗಂಜಿ ಸುಮಾರು 120 ಮಿಲಿಗ್ರಾಮು ತೂಗುತ್ತದೆ. ರಸಾಯನಶಾಲೆಯ ತಕ್ಕಡಿಯಾದರೋ ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಪಾಲನ್ನೂ ತೋರಿಸಬೇಕು. ಎಂದರೆ ಒಂದು ಗುಲಗಂಜಿಯನ್ನು ಸಾವಿರದಿನ್ನೂರು ಹೋಳು ಮಾಡಿ, ಅದರಲ್ಲೊಂದು ಹೋಳನ್ನು ತೂಗಿದಂತೆ. ಈ ಸೀಮೆಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಕಾಲದಲ್ಲಿ, ನಾನು ವಿದ್ಯಾರ್ಥಿಯಾಗಿದ್ದಾಗ, ಇಂಥ ತಕ್ಕಡಿಗಳು ಗಾಜಿನ ಪೆಟ್ಟಿಗೆಯೊಳಗೆ ಎರಡು ತಟ್ಟೆಗಳನ್ನು ತೂಗಾಡಿಸುತ್ತ, ಕಲ್ಲುಚಪ್ಪಡಿಯ ಮೇಲೆ ದೇವರಂತೆ ಕುಳಿತಿರುತ್ತಿದ್ದುವು. ತೂಕದ ಬೊಟ್ಟುಗಳನ್ನು ಚಿಮಟದಿಂದಲೇ ಎತ್ತಬೇಕು. ಬೆರಳಿನ ಜಿಡ್ಡು ತಗಲಿದರೆ ಲೆಕ್ಕ ಕೆಟ್ಟಿತು. ಗಾಳಿ ಬೀಸಿದರೆ ಮುಳ್ಳು ಅಲುಗುವುದು. ಪಕ್ಕದವನು ನಿಟ್ಟುಸಿರು ಬಿಟ್ಟರೂ ಅಲುಗುವುದು. ಈಗ ವಿದ್ಯುತ್ತಿನ ತಕ್ಕಡಿಗಳು ಬಂದು ಅಂಕೆಯನ್ನು ತಾವಾಗಿಯೇ ತೋರಿಸುತ್ತವೆ. ಕೆಲಸ ಸುಲಭವಾಯಿತು, ಸಂತೋಷ. ಆದರೆ ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾಯುವ ಅಭ್ಯಾಸವೂ ಅದರೊಡನೆ ಹೋಯಿತೆಂದು ನನ್ನಂಥ ಮುದುಕರು ಗೊಣಗಿದರೆ ವಾಚಕರು ಕ್ಷಮಿಸಬೇಕು.

ನಮ್ಮ ನಾಡಿಗೆ ಈ ಸಾಮಗ್ರಿಗಳು ಬಂದ ಕಥೆಯನ್ನು ಸ್ವಲ್ಪ ಹೇಳದೆ ಮುಂದುವರಿಯಲಾರೆ. ಜಮಶೇಟ್‌ಜಿ ತಾತಾರವರ ದಾನದಿಂದಲೂ, ಮೈಸೂರು ಸಂಸ್ಥಾನವು ಕೊಟ್ಟ ಭೂಮಿಯಿಂದಲೂ ಬೆಂಗಳೂರಿನಲ್ಲಿ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. ಅದರ ಮೊದಲ ನಿರ್ದೇಶಕರಾದ ಮೋರಿಸ್ ಟ್ರಾವರ್ಸರು, ರಾಮ್ಸೆಯವರೊಡನೆ ಸೇರಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಎಂಬ ಅನಿಲಗಳನ್ನು ಕಂಡುಹಿಡಿದವರು. 1911ರಲ್ಲಿ ಅಲ್ಲಿ ವಿದ್ಯಾರ್ಥಿಗಳು ಸೇರಿದಾಗ, ತೆರೆದ ಮೊದಲ ಶಾಖೆಗಳಲ್ಲಿ ರಸಾಯನಶಾಸ್ತ್ರವೂ ಒಂದಾಗಿದ್ದಿತು. 1914ರಲ್ಲಿ ಮಹಾಯುದ್ಧ ತೊಡಗಿ, ನಮ್ಮ ಶ್ರೀಗಂಧವನ್ನು ಕೊಂಡು ಎಣ್ಣೆ ತೆಗೆಯುತ್ತಿದ್ದ ಜರ್ಮನಿಯ ಬಾಗಿಲು ಮುಚ್ಚಿದಾಗ, ಆ ಸಂಸ್ಥೆಯ ಸಡ್‌ಬರೊ, ವಾಟ್ಸನ್ ಎಂಬ ಅಧ್ಯಾಪಕರು ಗಂಧದ ಎಣ್ಣೆಯನ್ನು ಇಲ್ಲಿಯೇ ಬಟ್ಟಿಯಿಳಿಸಿ ತೋರಿಸಿದರು. ಅದರ ಫಲವಾಗಿ 1916ರಲ್ಲಿ ಬೆಂಗಳೂರಿನಲ್ಲಿಯೂ, 1917ರಲ್ಲಿ ಮೈಸೂರಿನಲ್ಲಿಯೂ, ಬಹುಕಾಲದ ಮೇಲೆ 1944ರಲ್ಲಿ ನಮ್ಮ ಶಿವಮೊಗ್ಗದಲ್ಲಿಯೂ ಸರ್ಕಾರದ ಗಂಧದೆಣ್ಣೆಯ ಕಾರ್ಖಾನೆಗಳು ನಿಂತುವು. ಪ್ರಯೋಗಶಾಲೆಯ ಮೇಜಿನ ಮೇಲಿದ್ದ ಒಂದು ಬಟ್ಟಿಯ ಪಾತ್ರೆಯಿಂದ ಎಷ್ಟು ಮನೆಗಳ ಒಲೆ ಉರಿಯಿತೆಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಉಪಕರಣಕ್ಕೆ ಹಣ ಕೇಳಲು ಹೋದ ಅಧ್ಯಾಪಕನಿಗೆ ಸಭೆಗಳಲ್ಲಿ ತಪ್ಪದೆ ಎದುರಾಗುವ ಕಥೆಯೊಂದುಂಟು: “ಸರ್ ಸಿ. ವಿ. ರಾಮನ್ನರು ಇನ್ನೂರು ರೂಪಾಯಿಯ ಸಲಕರಣೆಯಿಂದ ನೊಬೆಲ್ ಬಹುಮಾನ ತಂದರಲ್ಲ, ನಿಮಗೇಕೆ ಲಕ್ಷಗಟ್ಟಲೆ?” ನಾನು ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಟ್ಟಿಲ್ಲ. ರಾಮನ್ನರು ತಮ್ಮ ಶೋಧನೆಯನ್ನು ವಿಸ್ತಾರವಾಗಿ ಸಾರಿದ್ದು ನಮ್ಮ ಬೆಂಗಳೂರಿನಲ್ಲಿಯೇ, 1928ನೆಯ ಮಾರ್ಚಿ 16ರಂದು, ಎಂಬುದು ನಮಗೆ ಹೆಮ್ಮೆಯ ವಿಷಯ. ಆದರೆ ಆ ಕೆಲಸ ನಡೆದ ಕಲ್ಕತ್ತೆಯ ಸಂಸ್ಥೆಯನ್ನು ಮಹೇಂದ್ರಲಾಲ್ ಸರ್ಕಾರರು ಕಟ್ಟಿದ್ದು 1876ರಲ್ಲಿ. ಅಲ್ಲಿ ಐವತ್ತು ವರ್ಷ ಕಾಲ ದಾನಿಗಳು ಕೊಟ್ಟ ಹಣವಿತ್ತು, ಕಟ್ಟಡವಿತ್ತು, ಸೂರ್ಯನ ಬೆಳಕನ್ನು ಒಟ್ಟುಗೂಡಿಸಿದ ಏಳಂಗುಲದ ದುರ್ಬೀನಿನ ಮಸೂರವಿತ್ತು. ಇವೆಲ್ಲವನ್ನೂ ಬಿಟ್ಟು ಇನ್ನೂರು ರೂಪಾಯಿಯನ್ನು ಮಾತ್ರ ಎಣಿಸುವುದು, ಮದುವೆಯ ಖರ್ಚೆಂದರೆ ತಾಳಿಯ ದಾರದ ಬೆಲೆಯೆಂದು ಹೇಳಿದಂತೆ. ಮೇಲಾಗಿ ರಾಮನ್ನರು ಒಬ್ಬರು. ನಾವು ಕಲಿಸಬೇಕಾದುದು ವರ್ಷ ವರ್ಷವೂ ಬರುವ ಸಾಮಾನ್ಯ ಮಕ್ಕಳಿಗೆ.

ಹಣ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಬಯಲುಸೀಮೆಯವರಿಗಿಲ್ಲದ ಮತ್ತೊಂದು ತೊಡಕು ನಮಗಿದೆ, ಅದು ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆಯಾಗುತ್ತದೆ. ಹೊಸನಗರದ ಹುಲಿಕಲ್ಲಿನ ಮಳೆಯೇನೂ ಅದಕ್ಕೆ ಸೋತುದಲ್ಲ. ಆಷಾಢ ಶ್ರಾವಣಗಳಲ್ಲಿ ನಮ್ಮ ಅಡಿಗೆಮನೆಗಳ ಉಪ್ಪಿನ ಭರಣಿ ನೀರೊಡೆಯುವುದನ್ನು ಗೃಹಿಣಿಯರು ಬಲ್ಲರು. ಅದಕ್ಕೆಂದೇ ಹಿಂದಿನವರು ಭರಣಿಯನ್ನು ಒಲೆಯ ಮಗ್ಗುಲಿಗೆ ಇಡುತ್ತಿದ್ದರು. ಇನ್‌ಫ್ರಾರೆಡ್, ಎಂದರೆ ಅವಕೆಂಪು ಕಿರಣಗಳಿಂದ ವಸ್ತುವಿನ ಅಣುಗಳ ಸ್ವರೂಪವನ್ನು ತಿಳಿಯುವ ಯಂತ್ರವೊಂದಿದೆ. ಆ ಕಿರಣಗಳು ಗಾಜನ್ನು ಸರಿಯಾಗಿ ಹಾದುಹೋಗುವುದಿಲ್ಲವಾದ್ದರಿಂದ, ಯಂತ್ರದೊಳಗಿನ ಕಿಟಕಿಗಳನ್ನು ಪೊಟಾಸಿಯಂ ಬ್ರೋಮೈಡ್ ಎಂಬ ಒಂದು ಬಗೆಯ ಉಪ್ಪಿನಿಂದ ಮಾಡಿರುವುದುಂಟು. ಅದು ನಮ್ಮ ಭರಣಿಯ ಉಪ್ಪಿನ ಹತ್ತಿರದ ಬಂಧು, ಸ್ವಭಾವವೂ ಅದೇ. ಮಳೆಗಾಲದ ತೇವಕ್ಕೆ ಆ ಕಿಟಕಿ ಮಂಕಾಗುತ್ತದೆ, ಮತ್ತೂ ಬಿಟ್ಟರೆ ಕರಗುತ್ತದೆ. ಹಗಲಿರುಳೂ ಕೋಣೆಯ ತೇವವನ್ನು ಹೀರುವ ಯಂತ್ರವನ್ನು ಓಡಿಸುತ್ತಿರಬೇಕು. ಅದಕ್ಕೆ ವಿದ್ಯುತ್ತು ತಪ್ಪದಿರಬೇಕು. 1035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರವನ್ನು ಮಡಿಲಲ್ಲಿಟ್ಟುಕೊಂಡಿರುವ ಸಾಗರದ ಸೀಮೆಯಲ್ಲಿ, ಮಳೆಗಾಲದ ರಾತ್ರಿ ಮರ ಬಿದ್ದು ತಂತಿ ಹರಿದರೆ ಬೆಳಗಾಗುವವರೆಗೆ, ಒಮ್ಮೊಮ್ಮೆ ಮರುದಿನವೂ, ಕತ್ತಲೆಯೇ. ಇದಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಡ. ಒಂದು ಕಾಲೇಜಿನಲ್ಲಿ ಇಂಥ ಯಂತ್ರ ಬಂದ ಮರುವರ್ಷದ ದಸರೆಯಲ್ಲಿ ಅದಕ್ಕೆ ಆಯುಧಪೂಜೆಯ ಹೂವು ಏರಿಸಿದ್ದನ್ನು ಕಂಡೆ. ಅದರ ಕಿಟಕಿ ಆ ವೇಳೆಗಾಗಲೇ ಮಂಕಾಗಿದ್ದಿತು. ಕೋಣೆಯ ಬೀಗದ ಕೈ ಯಾರಲ್ಲಿದೆಯೆಂದು ಹುಡುಕುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಹಣ ಸುರಿದು ತಂದ ಯಂತ್ರವನ್ನು ಒಬ್ಬ ವಿದ್ಯಾರ್ಥಿಯೂ ಮುಟ್ಟದೆ ಮುಗಿದುದನ್ನು ನೋಡಿ ನನಗಾದ ಸಂಕಟವನ್ನು ಇಲ್ಲಿ ಬರೆಯಲಾರೆ.

ಕೊಳ್ಳುವ ಕ್ರಮವಂತೂ ಒಂದು ವ್ರತವಿದ್ದಂತೆ. ಬೇಡಿಕೆಯ ಪಟ್ಟಿ, ಮೂರು ಕಡೆಯ ಕೊಟೇಷನ್ನು, ಅವುಗಳನ್ನು ಹೋಲಿಸಿದ ತಖ್ತೆ, ಕಡಮೆ ದರದವರಿಗೆ ಆಜ್ಞೆ, ಸರಕು ಬಂದ ಮೇಲೆ ಸ್ಟಾಕ್ ಪುಸ್ತಕದಲ್ಲಿ ನಮೂದು. 2016ರಲ್ಲಿ ಕೇಂದ್ರ ಸರ್ಕಾರದವರು ‘ಜೆಮ್’ ಎಂಬ ಅಂತರ್ಜಾಲದ ಪೇಟೆಯನ್ನು ತೆರೆದ ಮೇಲೆ ಕಾಗದಪತ್ರದ ರೂಪ ಬದಲಾಗಿದೆ. ವ್ರತದ ಸ್ವರೂಪ ಅಷ್ಟಾಗಿ ಬದಲಾಗಿಲ್ಲ. ಹಣ ಬರುವುದು ವರ್ಷದ ಕೊನೆಗೆ. ಮಾರ್ಚಿ 31ರೊಳಗೆ ಖರ್ಚಾಗದಿದ್ದರೆ ಹಿಂದಕ್ಕೆ ಹೋಗುತ್ತದೆ. ಆ ಆತುರದಲ್ಲಿ ಬೇಕಾದುದಕ್ಕಿಂತ ಬೇಗ ಸಿಕ್ಕುವುದೇ ಶ್ರೇಷ್ಠವೆನಿಸುತ್ತದೆ. ಕಡಮೆ ದರವೆಂಬ ನಿಯಮ ಸಾರ್ವಜನಿಕರ ಹಣಕ್ಕೆ ಕಾವಲು, ನಿಜ. ಆದರೆ 50 ಮಿಲಿಲೀಟರಿನ ಬ್ಯೂರೆಟ್ಟುಗಳಲ್ಲಿ ‘ಎ’ ವರ್ಗದ್ದು 0.05 ಮಿಲಿಲೀಟರಿನಷ್ಟು ಮಾತ್ರ ತಪ್ಪಬಹುದು, ‘ಬಿ’ ವರ್ಗದ್ದು ಅದರ ಎರಡರಷ್ಟು ತಪ್ಪಬಹುದು. ಪಟ್ಟಿಯಲ್ಲಿ ವರ್ಗವನ್ನು ಕಾಣಿಸದೆ ‘ಬ್ಯೂರೆಟ್ಟು, ಹನ್ನೆರಡು’ ಎಂದಷ್ಟೇ ಬರೆದರೆ, ಗೀಟು ಡೊಂಕಾದ, ತಿರುಪಿನಲ್ಲಿ ಸೋರುವ ಹನ್ನೆರಡು ಗಾಜಿನ ಕೊಳವೆಗಳು ಬಂದು ಕೂರುತ್ತವೆ. ಕಛೇರಿಯ ದೃಷ್ಟಿಯಲ್ಲಿ ಅವೂ ಬ್ಯೂರೆಟ್ಟುಗಳೇ. ಹುಡುಗನು ಎಷ್ಟು ಎಚ್ಚರದಿಂದ ಕೆಲಸ ಮಾಡಿದರೂ ಉತ್ತರ ಸರಿಬಾರದು, ಮತ್ತು ಅವನು ತನ್ನ ಕೈಯೇ ಕೆಟ್ಟದ್ದೆಂದು ನಂಬಿಬಿಡುತ್ತಾನೆ. ಇದು ನನ್ನ ಕಣ್ಣಮುಂದೆ ನಡೆದಿರುವ ಅನ್ಯಾಯ.

ಇನ್ನು ನಮ್ಮ ಕಾಲೇಜಿನ ವಿಷಯ. ಕೆಲವು ವರ್ಷಗಳ ಹಿಂದೆ ವಿಜ್ಞಾನ ವಿಭಾಗಕ್ಕೆ ಒಂದಿಷ್ಟು ಹಣ ಬಂದಿತು. ಮೇಲೆ ಹೇಳಿದ ಇನ್‌ಫ್ರಾರೆಡ್ ಯಂತ್ರದ ಹಳೆಯ ಮಾದರಿಯೊಂದನ್ನು ಕೊಂಡರೆ ಹಣವೆಲ್ಲ ಮುಗಿಯುವುದು. ತಕ್ಕಡಿ, ಒಳ್ಳೆಯ ಗಾಜಿನ ಸಾಮಾನು, ದ್ರವದ ಹುಳಿಯನ್ನು ಅಳೆಯುವ ಪಿ.ಎಚ್. ಮೀಟರುಗಳು ಇವನ್ನು ಕೊಂಡರೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಬೇರೆ ಬೇರೆ ಸಲಕರಣೆ ಸಿಕ್ಕುವುದು. ಅಭಿವೃದ್ಧಿ ಸಮಿತಿಯಲ್ಲಿ ಯಂತ್ರದ ಪಕ್ಷವೇ ಬಲವಾಗಿದ್ದಿತು. ಉದ್ಘಾಟನೆಗೆ ಮಂತ್ರಿಗಳನ್ನು ಕರೆಯಬಹುದು, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ಬ್ಯೂರೆಟ್ಟನ್ನು ಯಾರು ತಾನೆ ಉದ್ಘಾಟಿಸುತ್ತಾರೆ! ಹೊಸನಗರದ ಕಡೆಯ ತೋಟದ ಯಜಮಾನರೊಬ್ಬರು ಆ ಸಭೆಯಲ್ಲಿ ಅದುವರೆಗೆ ಬಾಯಿಬಿಡದೆ ಅಡಕೆ ಕತ್ತರಿಸುತ್ತ ಕುಳಿತಿದ್ದರು. ಅವರು ನನ್ನ ಕಡೆ ತಿರುಗಿ,

“ಮೇಷ್ಟ್ರೇ, ಈ ಯಂತ್ರ ನಾನು ತಂದಿರುವ ಮೈಲುತುತ್ತ ಸಾಚಾವೋ ಖೋಟಾವೋ ಹೇಳುತ್ತದೆಯೋ?” ಎಂದರು.

“ಇಲ್ಲ ಯಜಮಾನರೇ. ಅದನ್ನು ಹೇಳುವುದು ಬ್ಯೂರೆಟ್ಟು.”

“ಹಾಗಾದರೆ ನಾಳೆ ಒಂದು ಪೊಟ್ಟಣ ಕಳುಹಿಸುತ್ತೇನೆ. ಅದು ಹೇಳಿದ ಮೇಲೆ ನನ್ನ ಮತ ಯಾವ ಕಡೆಗೆಂದು ನಾನು ಹೇಳುತ್ತೇನೆ.”

ಅಡಕೆಯ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಮಳೆಗಾಲದಲ್ಲಿ ಅಡಕೆಯ ಕೊನೆಗಳಿಗೆ ಕೊಳೆರೋಗ ತಗಲಿದರೆ ಎಳೆಯ ಕಾಯಿ ಕೊಳೆತು ಉದುರಿ, ವರ್ಷದ ಅನ್ನ ಮಣ್ಣುಪಾಲಾಗುತ್ತದೆ. ಹಿಂದೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯ ನೀರನ್ನು ತಡೆಯುತ್ತಿದ್ದರು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಎಂಬ ವಿಜ್ಞಾನಿಗಳು ಈ ರೋಗಕ್ಕೆ ಕಾರಣವಾದ ಬೂಷ್ಟನ್ನು ಗುರುತಿಸಿ 1910ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಮಲೆನಾಡಿನಲ್ಲಿ ರೂಢಿಗೆ ತಂದವರೂ ಅವರೇ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ, ದಾರಿಹೋಕರು ದ್ರಾಕ್ಷಿಯನ್ನು ಕದಿಯದಿರಲೆಂದು ಬಳ್ಳಿಗೆ ಬಳಿದಿದ್ದ ಮೈಲುತುತ್ತ ಸುಣ್ಣಗಳ ಮಿಶ್ರಣವೇ ರೋಗವನ್ನೂ ತಡೆಯಿತೆಂದು ಮಿಲ್ಲಾರ್ಡೆ ಎಂಬವರು ಕಂಡು 1885ರಲ್ಲಿ ಪ್ರಕಟಿಸಿದ ಔಷಧಿ ಅದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರು ನೀರು. ಮಿಶ್ರಣದಲ್ಲಿ ಉಜ್ಜಿದ ಕಬ್ಬಿಣದ ಚೂರಿಯನ್ನು ಅದ್ದಿ ನೋಡಿ, ಅದರ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ನಮ್ಮ ರೈತರು ತಿಳಿಯುತ್ತಾರೆ. ಚೂರಿ ಅಷ್ಟನ್ನು ಹೇಳುತ್ತದೆ. ಅಂಗಡಿಯಿಂದ ತಂದ ಮೈಲುತುತ್ತದಲ್ಲಿ ತಾಮ್ರ ಎಷ್ಟಿದೆಯೆಂಬುದನ್ನು ಮಾತ್ರ ಅದು ಹೇಳಲಾರದು. ಶುದ್ಧವಾದ ಮೈಲುತುತ್ತದಲ್ಲಿ ನೂರಕ್ಕೆ ಸುಮಾರು 25.5 ಪಾಲು ತಾಮ್ರವಿರಬೇಕು.

ಮರುದಿನ ಬಂದುದು ಒಂದಲ್ಲ, ಮೂರು ಪೊಟ್ಟಣ. ಎರಡನೆಯ ವರ್ಷದ ಬಿ.ಎಸ್‌ಸಿ.ಯಲ್ಲಿ ಓದುತ್ತಿದ್ದ, ಅಡಕೆ ತೋಟದ ಮನೆಯಿಂದಲೇ ಬಂದಿದ್ದ ಹುಡುಗಿಯೊಬ್ಬಳಿಗೆ ಆ ಕೆಲಸವನ್ನು ಒಪ್ಪಿಸಿದೆ. ಪ್ರಯೋಗವೇನೂ ಹೊಸದಲ್ಲ, ಪಠ್ಯದಲ್ಲಿರುವುದೇ. ಮೈಲುತುತ್ತವನ್ನು ತೂಗಿ ನೀರಿನಲ್ಲಿ ಕರಗಿಸಿ ಪೊಟಾಸಿಯಂ ಅಯೊಡೈಡನ್ನು ಬೆರೆಸಿದರೆ, ತಾಮ್ರಕ್ಕೆ ತಕ್ಕಷ್ಟು ಅಯೊಡಿನ್ ಬಿಡುಗಡೆಯಾಗಿ ದ್ರವ ಕಂದುಬಣ್ಣಕ್ಕೆ ತಿರುಗುತ್ತದೆ. ಬ್ಯೂರೆಟ್ಟಿನಿಂದ ಥಯೋಸಲ್ಫೇಟಿನ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಡುತ್ತ ಬಂದು, ಬಣ್ಣ ತೆಳುವಾದಾಗ ಪಿಷ್ಟದ ತಿಳಿಯನ್ನು ಸೇರಿಸಿದರೆ ಕಡುನೀಲಿಯಾಗುವುದು. ಆ ನೀಲಿ ಯಾವ ತೊಟ್ಟಿಗೆ ಮಾಯವಾಗುವುದೋ ಅಲ್ಲಿಗೆ ತಿರುಪನ್ನು ಮುಚ್ಚಿ ಅಂಕೆಯನ್ನು ಓದಬೇಕು. ಕಬ್ಬಿಣದ ಲವಣ ಬೆರೆತಿದ್ದರೆ ಲೆಕ್ಕ ಕೆಡದಂತೆ ಅದಕ್ಕೆ ಬೇರೆ ಉಪಾಯವಿದೆ. ಪರೀಕ್ಷೆಗೆಂದು ಮಾಡುವಾಗ ಈ ಪ್ರಯೋಗವನ್ನು ಮಕ್ಕಳು ಹೇಗಾದರೂ ಮುಗಿಸಿ ಮನೆಗೆ ಓಡುತ್ತಾರೆ. ಆ ದಿನ ಅವಳು ಓಡಲಿಲ್ಲ. ಎರಡು ಪೊಟ್ಟಣಗಳು ಸರಿಯಾಗಿದ್ದುವು. ಮೂರನೆಯದರಲ್ಲಿ ಇರಬೇಕಾದ ತಾಮ್ರದ ಮುಕ್ಕಾಲು ಪಾಲೂ ಇರಲಿಲ್ಲ. “ಇನ್ನೊಂದು ಸಲ ಮಾಡುತ್ತೇನೆ, ಸರ್” ಎಂದಳು. ಮಾಡಿದಳು. ಮೂರನೆಯ ಸಲವೂ ಮಾಡಿದಳು. ಮೂರು ಸಲದ ಅಂಕೆಗಳೂ ಹೊಂದಿಕೊಂಡುವು. ಆಕೆಯ ತಂದೆ ಯಾವ ಅಂಗಡಿಯಲ್ಲಿ ಕೊಳ್ಳುತ್ತಾರೆಂದು ನಾನು ಕೇಳಲಿಲ್ಲ. ಆದರೆ ಆಕೆ ಸಂಜೆಯ ಬಸ್ಸಿಗೆ ಹೊರಡುವಾಗ ಆ ಮೂರನೆಯ ಪೊಟ್ಟಣದ ಚೀಟಿಯನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಕಂಡೆ. ಮಳೆ ಹಿಡಿಯಲು ಇನ್ನು ಹತ್ತು ದಿನವಿತ್ತು. ಯಜಮಾನರು ಆ ಮಾಲನ್ನು ಹಿಂದಿರುಗಿಸಿ ಬೇರೆ ತಂದರು. ಮುಂದಿನ ಸಭೆಯಲ್ಲಿ ಅವರ ಮತ ತಕ್ಕಡಿ ಬ್ಯೂರೆಟ್ಟುಗಳ ಕಡೆಗೆ ಬಿದ್ದಿತು, ಮತ್ತು ಅವರ ಹಿಂದೆ ಇನ್ನೂ ಮೂವರ ಮತ ಬಿದ್ದಿತು.

ಪಿ.ಎಚ್. ಮೀಟರಿನ ಹುಟ್ಟೂ ಹೀಗೆಯೇ ಆದುದೆಂಬುದನ್ನು ನೆನೆದರೆ ನನಗೆ ಮೋಜೆನಿಸುತ್ತದೆ. ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಿ ನಿಂಬೆಯ ಬೆಳೆಗಾರರ ಸಂಘದಲ್ಲಿ ಕೆಲಸಕ್ಕಿದ್ದ ಗೆಳೆಯನೊಬ್ಬನು, ನಿಂಬೆರಸದ ಹುಳಿಯನ್ನು ಸರಿಯಾಗಿ ಅಳೆಯುವ ಬಗೆ ಕಾಣದೆ ಬಂದು ಕೇಳಿದುದರಿಂದ, ಆರ್ನಲ್ಡ್ ಬೆಕ್‌ಮನ್ ಎಂಬ ಅಧ್ಯಾಪಕನು 1934ರಲ್ಲಿ ಅದನ್ನು ನಿರ್ಮಿಸಿದನು. ಇಂದು ಜಗತ್ತಿನ ಯಾವ ರಸಾಯನಶಾಲೆಯೂ ಅದಿಲ್ಲದೆ ಇಲ್ಲ. ಒಂದು ಎಚ್ಚರಿಕೆ: ಇನ್‌ಫ್ರಾರೆಡ್ ಯಂತ್ರಕ್ಕೆ ತೇವ ಆಗದು, ಪಿ.ಎಚ್. ಮೀಟರಿನ ಗಾಜಿನ ಬುರುಡೆಯಾದರೋ ಒಣಗಕೂಡದು. ಬೇಸಿಗೆ ರಜದಲ್ಲಿ ಅದನ್ನು ಒಣಗಲು ಬಿಟ್ಟು ಬೀಗ ಹಾಕಿಕೊಂಡು ಹೋದರೆ, ಜೂನಿನಲ್ಲಿ ಅದು ಹೇಳುವ ಅಂಕೆಯನ್ನು ನಂಬುವಂತಿಲ್ಲ. ಕೋಣೆಯ ಜವಾನನಿಗೆ ಇದನ್ನು ತಿಳಿಸಿಕೊಟ್ಟು, ವಾರಕ್ಕೊಮ್ಮೆ ಅವನು ಸೀಸೆಗೆ ದ್ರಾವಣ ಹಾಕುವಂತೆ ಮಾಡಿದ್ದು ನಮ್ಮಲ್ಲಿ ಬಹಳ ಉಪಕಾರವಾಯಿತು.

ಇದನ್ನೆಲ್ಲ ಓದಿದವರು ನಾನು ದೊಡ್ಡ ಯಂತ್ರಗಳ ವೈರಿಯೆಂದು ತಿಳಿಯಬಾರದು. ನನ್ನೊಡನೆ ಕೆಲಸಕ್ಕಿದ್ದ ತರುಣ ಅಧ್ಯಾಪಕಿಯೊಬ್ಬರು ಆ ಸಭೆಯ ಮೇಲೆ ನನ್ನನ್ನು ಕೇಳಿದರು: “ಸರ್, ಮಕ್ಕಳಿಗೆ ಬ್ಯೂರೆಟ್ಟು ಸರಿ; ಸಂಶೋಧನೆ ಮಾಡಬೇಕೆಂದಿರುವ ನನಗೇನು ಗತಿ?” ಅವರ ಮಾತಿನಲ್ಲಿ ನ್ಯಾಯವಿತ್ತು. ಅವರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ, ಎಂದರೆ 1987ರಲ್ಲಿ ಸ್ಥಾಪನೆಯಾಗಿ ತೀರ್ಥಹಳ್ಳಿ ಸೀಮೆಯ ಕವಿಯ ಹೆಸರನ್ನು ಹೊತ್ತ ನಮ್ಮ ವಿಶ್ವವಿದ್ಯಾನಿಲಯದಲ್ಲಿ, ಡಾಕ್ಟರೇಟಿಗೆ ಕೆಲಸ ಮಾಡುತ್ತಿದ್ದರು. ತಾವು ತಯಾರಿಸಿದ ವಸ್ತುವಿನ ಅಣುರಚನೆಯನ್ನು ತಿಳಿಯಲು ಎನ್.ಎಂ.ಆರ್. ಎಂಬ ಯಂತ್ರ ಬೇಕು. ಅದರ ಅಯಸ್ಕಾಂತವನ್ನು ಸದಾ ದ್ರವರೂಪದ ಹೀಲಿಯಮಿನಲ್ಲಿ ಮುಳುಗಿಸಿಟ್ಟಿರಬೇಕು. ಒಂದು ತಾಲ್ಲೂಕಿನ ಕಾಲೇಜು ಅದನ್ನು ಸಾಕುವುದು ಆನೆಯನ್ನು ಕೊಟ್ಟಿಗೆಯಲ್ಲಿ ಕಟ್ಟಿದಂತೆ. ಆದುದರಿಂದ ಅವರು ಬೆರಳುದ್ದದ ಸೀಸೆಗಳನ್ನು ಹತ್ತಿಯಲ್ಲಿ ಸುತ್ತಿ, ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿಗೆ ಕೊಂಡೊಯ್ಯುತ್ತಿದ್ದರು. ವಾರಗಳು ಕಳೆದು ಉತ್ತರ ಬರುವುದು. ಆ ಉತ್ತರ ಕೈಗೆ ಬರುವವರೆಗೆ ಮುಂದಿನ ಹೆಜ್ಜೆ ಇಡುವಂತಿಲ್ಲ. ಬೆಂಗಳೂರಿನ ವಿದ್ಯಾರ್ಥಿ ಮಧ್ಯಾಹ್ನ ತಿಳಿಯುವುದನ್ನು ನಮ್ಮವರು ಮುಂದಿನ ತಿಂಗಳು ತಿಳಿಯುತ್ತಾರೆ; ಈ ನಷ್ಟ ಯಾವ ಸ್ಟಾಕ್ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ.

ಮದುವೆಗೆ ಬೇಕಾಗುವ ಕೊಪ್ಪರಿಗೆಯನ್ನು ಪ್ರತಿಯೊಂದು ಮನೆಯವರೂ ಮಾಡಿಸಿಡುವುದಿಲ್ಲ. ದೇವಸ್ಥಾನದಿಂದಲೋ ದೊಡ್ಡಮನೆಯಿಂದಲೋ ತಂದು, ಅಡಿಗೆ ಮಾಡಿ, ತೊಳೆದು ಹಿಂದಿರುಗಿಸುತ್ತಾರೆ. ದೊಡ್ಡ ಯಂತ್ರಗಳ ವಿಷಯದಲ್ಲಿ ಸರ್ಕಾರದವರೂ 1970ರ ದಶಕದಿಂದ ಪ್ರಾಂತೀಯ ಉಪಕರಣ ಕೇಂದ್ರಗಳನ್ನು ತೆರೆದು ಈ ದಾರಿಯನ್ನೇ ಹಿಡಿದಿದ್ದಾರೆ. ದೇಶದ ಯಾವ ಸಂಸ್ಥೆಯಲ್ಲಿ ಯಾವ ಯಂತ್ರವಿದೆಯೆಂದು ನೋಡಿ ಸರದಿ ಹಿಡಿಯಲು ‘ಐ-ಸ್ಟೆಮ್’ ಎಂಬ ಅಂತರ್ಜಾಲದ ತಾಣವೂ 2020ರ ಜನವರಿಯಲ್ಲಿ ಪ್ರಾರಂಭವಾಯಿತು. ನನ್ನ ಅಭಿಪ್ರಾಯವೇನೆಂದರೆ, ಕೊಪ್ಪರಿಗೆ ಶಂಕರಘಟ್ಟದಲ್ಲಿರಲಿ, ಅದನ್ನು ನೋಡಿಕೊಳ್ಳಲು ಸಂಬಳದ ಮನುಷ್ಯನಿರಲಿ, ಒಣಗಿದ ಕೋಣೆಯಿರಲಿ, ಮತ್ತು ಸಾಗರ ತೀರ್ಥಹಳ್ಳಿಗಳಿಂದ ಸೀಸೆ ಹಿಡಿದು ಬಂದವರನ್ನು ಹೊರಗಿನವರೆಂದು ಬಾಗಿಲಲ್ಲಿ ನಿಲ್ಲಿಸದಿರಲಿ. ಸೌಟು ಮಾತ್ರ ಪ್ರತಿಯೊಂದು ಮನೆಯಲ್ಲಿಯೂ ಇರಬೇಕು.

ಆ ಅಧ್ಯಾಪಕಿಯವರಿಗೆ ಪದವಿ ಬಂದಿತು, ನಾನು ನಿವೃತ್ತನಾದೆ. ಈಗಲೂ ಮೇ ತಿಂಗಳ ಕೊನೆಗೆ ಆ ಪ್ರಯೋಗಶಾಲೆಯ ಮೇಜಿನ ಮೇಲೆ ತೋಟದವರ ಮೈಲುತುತ್ತದ ಪೊಟ್ಟಣಗಳು ಸಾಲಾಗಿ ಬಂದು ಕೂರುತ್ತವೆಂದು ಕೇಳುತ್ತೇನೆ. ಪೊಟಾಸಿಯಂ ಅಯೊಡೈಡು ಅಗ್ಗದ ವಸ್ತುವಲ್ಲ. ಕಾಲೇಜಿನ ಸೀಸೆ ಬೇಗ ಬರಿದಾಗತೊಡಗಿದಾಗ ತೋಟದ ಯಜಮಾನರು ತಾವೇ ಒಂದು ಸೀಸೆಯನ್ನು ತರಿಸಿಕೊಟ್ಟರಂತೆ. ಅದನ್ನು ಸ್ಟಾಕ್ ಪುಸ್ತಕದಲ್ಲಿ ಯಾವ ತಲೆಬರಹದ ಕೆಳಗೆ ಬರೆಯಬೇಕೆಂದು ಕಛೇರಿಯವರು ಮೇಲಕ್ಕೆ ಬರೆದು ಕೇಳಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಸೀಸೆ ಅಷ್ಟರಲ್ಲಿ ಅರ್ಧವಾಗಿದೆ.